ಹೊಸ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಟರ್ಬೊ ಸಿ ಏಕೆ ಓಡುವುದಿಲ್ಲ? ಓಡಿಸಿದರೆ ಏನಾಗುತ್ತದೆ?

ಸಿ ಭಾಷೆ ಕಲಿಯಲು ಹೊರಟ ಅನೇಕ ವಿದ್ಯಾರ್ಥಿಗಳಿಗೆ ಮೊದಲು ಎದುರಾಗುವ ಕಗ್ಗಂಟು ಭಾಷೆಯದ್ದಲ್ಲ, ಅದನ್ನು ಬರೆಯುವ ತಂತ್ರಾಂಶದ್ದು. ಲ್ಯಾಬ್‌ನಲ್ಲಿ ನೀಲಿ ಪರದೆಯ ಟರ್ಬೊ ಸಿ ಇರುತ್ತದೆ. ಅದನ್ನೇ ಪೆನ್‌ಡ್ರೈವ್‌ನಲ್ಲಿ ಮನೆಗೆ ತಂದು ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ ಎಂಬ ಸಂದೇಶ ಬರುತ್ತದೆ. ಗೆಳೆಯರ ಸಲಹೆಗಳು ಶುರುವಾಗುವುದು ಆಗಲೇ: ಕಡತಕ್ಕೆ ವೈರಸ್ ತಗುಲಿದೆ, ರ‍್ಯಾಮ್ ಸಾಲದು, 'ಕಂಪ್ಯಾಟಿಬಿಲಿಟಿ ಮೋಡ್' ಹಾಕು, ಆ್ಯಂಟಿವೈರಸ್ ಆಫ್ ಮಾಡು. ಇವುಗಳಲ್ಲಿ ಯಾವುದೂ ಕಾರಣವೂ ಅಲ್ಲ, ಪರಿಹಾರವೂ ಅಲ್ಲ. ಕೊನೆಯ ಸಲಹೆಯಂತೂ ಅಪಾಯಕಾರಿ.

ನಿಜವಾದ ಕಾರಣ ಪ್ರೊಸೆಸರ್ ಕೆಲಸ ಮಾಡುವ ಬಗೆಯಲ್ಲಿದೆ. ಬೋರ್ಲ್ಯಾಂಡ್ ಕಂಪನಿ ಟರ್ಬೊ ಸಿ ತಂತ್ರಾಂಶವನ್ನು ಬಿಡುಗಡೆ ಮಾಡಿದ್ದು 1987ರಲ್ಲಿ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಟರ್ಬೊ ಸಿ++ 3.0 ಬಂದದ್ದು 1990ರ ದಶಕದ ಆರಂಭದಲ್ಲಿ. ಎರಡೂ ಡಾಸ್‌ಗಾಗಿ ಬರೆದ 16-ಬಿಟ್ ತಂತ್ರಾಂಶಗಳು. ಇಂಟೆಲ್ 1978ರಲ್ಲಿ ತಂದ 8086 ಚಿಪ್‌ನ ಲೆಕ್ಕಾಚಾರದ ಕ್ರಮವನ್ನೇ ಇವು ನೆಚ್ಚಿಕೊಂಡಿವೆ. 1985ರ 80386 ಚಿಪ್‌ನಲ್ಲಿ ಹಳೆಯ 8086 ಇದ್ದಂತೆ ನಟಿಸುವ ಒಂದು ವ್ಯವಸ್ಥೆಯನ್ನು ಸೇರಿಸಲಾಯಿತು. 32-ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂಗಳು ಇಷ್ಟು ವರ್ಷ ನಡೆದದ್ದು ಅದರ ಬಲದಿಂದ. ಆದರೆ ಪ್ರೊಸೆಸರ್ 64-ಬಿಟ್ ಕ್ರಮಕ್ಕೆ ಹೊರಳಿದಾಗ ಆ ನಟನೆಯ ವ್ಯವಸ್ಥೆ ಸಿಗುವುದಿಲ್ಲ. 64-ಬಿಟ್ ವಿಂಡೋಸ್ ಕೂಡ 16-ಬಿಟ್ ಪ್ರೋಗ್ರಾಂಗಳನ್ನು ಕೈಬಿಟ್ಟಿದೆ. ವಿಂಡೋಸ್ 10ರಲ್ಲಿ 32-ಬಿಟ್ ಆವೃತ್ತಿಯಾದರೂ ಇತ್ತು. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ಅದೂ ಇಲ್ಲ.

'ಕಂಪ್ಯಾಟಿಬಿಲಿಟಿ ಮೋಡ್' ಮಾಡುವುದು ಚಿಕ್ಕ ಕೆಲಸ. "ಇದು ವಿಂಡೋಸ್ ಎಕ್ಸ್‌ಪಿ" ಎಂದು ಪ್ರೋಗ್ರಾಂಗೆ ಸುಳ್ಳು ಹೇಳುತ್ತದೆ, ಕೆಲವು ಹಳೆಯ ನಡವಳಿಕೆಗಳನ್ನು ಅನುಕರಿಸುತ್ತದೆ. 16-ಬಿಟ್ ಆದೇಶಗಳನ್ನು ಅನುವಾದಿಸಿ ಕೊಡುವ ಶಕ್ತಿ ಅದಕ್ಕಿಲ್ಲ.

"ಹೊಸ ಕಂಪ್ಯೂಟರ್ ತೀರಾ ವೇಗ, ಅದಕ್ಕೇ ಹಳೆಯದು ಓಡುವುದಿಲ್ಲ" ಎಂಬ ಮಾತಿನಲ್ಲಿ ಮಾತ್ರ ಸ್ವಲ್ಪ ಹುರುಳಿದೆ, ಆದರೆ ಅದು ಬೇರೆ ತಂತ್ರಾಂಶದ ಕಥೆ. ಇದೇ ಕಂಪನಿಯ ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಅನೇಕ ಪ್ರೋಗ್ರಾಂಗಳು ಶುರುವಾಗುವಾಗಲೇ ಕಂಪ್ಯೂಟರಿನ ವೇಗವನ್ನು ಅಳೆದುಕೊಳ್ಳುತ್ತಿದ್ದವು. ಪ್ರೊಸೆಸರ್ ಸುಮಾರು 200 ಮೆಗಾಹರ್ಟ್ಸ್ ದಾಟಿದಾಗ ಆ ಭಾಗಾಕಾರದ ಉತ್ತರ ನಿಗದಿತ ಜಾಗದಲ್ಲಿ ಹಿಡಿಸದೆ, ದೋಷ ಸಂಖ್ಯೆ 200 ತೋರಿಸಿ ಅವು ನಿಲ್ಲುತ್ತಿದ್ದವು.

ಹಾಗಾದರೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೊ ಸಿ ನಡೆಯುತ್ತಿರುವುದು ಹೇಗೆ? 2002ರಿಂದ ಲಭ್ಯವಿರುವ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಿಂದ. ಅದು ಹಳೆಯ ಪ್ರೊಸೆಸರ್, ಪರದೆ, ಕೀಲಿಮಣೆ, ಡಾಸ್ ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ಕಟ್ಟಿ ನಿಲ್ಲಿಸುತ್ತದೆ. ನಮ್ಮ ಒಂದು ಫೋಲ್ಡರನ್ನು 'ಮೌಂಟ್' ಆದೇಶದ ಮೂಲಕ ಅದಕ್ಕೆ ಸಿ ಡ್ರೈವ್ ಎಂದು ತೋರಿಸಿದರೆ ಸಾಕು. ಟರ್ಬೊ ಸಿ ಜೊತೆಗೆ ಡಾಸ್‌ಬಾಕ್ಸನ್ನೂ ಸೇರಿಸಿದ ಒಂದೇ ಇನ್‌ಸ್ಟಾಲರ್‌ಗಳು ಅಂತರಜಾಲದಲ್ಲಿ ಹರಿದಾಡುತ್ತವೆ. ಅವನ್ನು ಕಟ್ಟಿದವರು ಯಾರೆಂದು ತಿಳಿಯದಿದ್ದರೆ ಮುಟ್ಟದಿರುವುದೇ ಲೇಸು. ಡಾಸ್‌ಬಾಕ್ಸನ್ನು ಅದರದ್ದೇ ತಾಣದಿಂದ ಇಳಿಸಿಕೊಳ್ಳಬಹುದು.

ಇಲ್ಲೊಂದು ಹೊಂಡವಿದೆ. "ಡಾಸ್‌ಬಾಕ್ಸ್ ನಮ್ಮ ಪ್ರೋಗ್ರಾಂ ಅಳಿಸಿಹಾಕುತ್ತದೆ" ಎಂಬ ದೂರು ಹುಟ್ಟುವುದು ಇಲ್ಲಿಂದಲೇ. ಟರ್ಬೊ ಸಿಯಲ್ಲಿ ಪ್ರೋಗ್ರಾಂ ಓಡಿಸಲು ಒತ್ತುವುದು ಕಂಟ್ರೋಲ್ ಮತ್ತು ಎಫ್9. ಡಾಸ್‌ಬಾಕ್ಸ್‌ನ ಮೂಲ ಆವೃತ್ತಿಯಲ್ಲಿ ಅದೇ ಜೋಡಿ ಕೀಲಿಗೆ ಅರ್ಥ: ಡಾಸ್‌ಬಾಕ್ಸನ್ನು ತಕ್ಷಣ ಮುಚ್ಚು. ಒಂದು ಗಂಟೆ ಕೂತು ಬರೆದದ್ದನ್ನು ಉಳಿಸದೆ ಓಡಿಸಲು ಹೋದರೆ ಇಡೀ ಕಿಟಕಿಯೇ ಮಾಯ. ಆದ್ದರಿಂದ ಮೊದಲು ಎಫ್2 ಒತ್ತಿ ಉಳಿಸಿ, ಬಳಿಕ ಆಲ್ಟ್ ಮತ್ತು ಆರ್ ಒತ್ತಿ 'ರನ್' ಮೆನುವಿನಿಂದ ಓಡಿಸಿ. ಕೀಲಿಯನ್ನೇ ಬದಲಿಸಬೇಕೆಂದರೆ ಕಂಟ್ರೋಲ್ ಮತ್ತು ಎಫ್1 ಒತ್ತಿದಾಗ ಕೀಲಿಗಳ ನಕ್ಷೆ ತೆರೆಯುತ್ತದೆ. ಉಳಿಸಿದ ಕಡತ ಎಲ್ಲಿಯೂ ಹೋಗುವುದಿಲ್ಲ, ನಾವು ತೋರಿಸಿದ ಫೋಲ್ಡರಿನಲ್ಲೇ ಇರುತ್ತದೆ. ಹೆಸರು ಎಂಟು ಅಕ್ಷರದೊಳಗೆ ಇರಲಿ, ಡಾಸ್‌ಗೆ ಅದಕ್ಕಿಂತ ಉದ್ದದ ಹೆಸರು ಗೊತ್ತಿಲ್ಲ.

ಇಷ್ಟಾದರೆ ತಂತ್ರಾಂಶ ಓಡುತ್ತದೆ. ಆದರೆ ಅದರ ಉತ್ತರ ಸರಿಯಿರುತ್ತದೆಯೇ?

ಕಪ್ಪತಗುಡ್ಡದ ಮಗ್ಗುಲಿನ ಡೋಣಿಯ ವಿದ್ಯಾರ್ಥಿಯೊಬ್ಬರು ಮನೆಯ ಹೊಲದ ಅಳತೆಗೆ ಒಂದು ಚಿಕ್ಕ ಪ್ರೋಗ್ರಾಂ ಬರೆದರು ಎಂದುಕೊಳ್ಳೋಣ. ಒಂದು ಗುಂಟೆಗೆ 1,089 ಚದರ ಅಡಿ. ಗುಂಟೆಯ ಸಂಖ್ಯೆಯನ್ನು 1,089ರಿಂದ ಗುಣಿಸಿ 'ಇಂಟ್' ಎಂಬ ಪೂರ್ಣಾಂಕದಲ್ಲಿ ಇಟ್ಟರೆ ಆಯಿತು. 30 ಗುಂಟೆಗೆ ಉತ್ತರ 32,670, ಸರಿಯಾಗಿದೆ. 31 ಎಂದು ಕೊಟ್ಟು ನೋಡಿದರೆ ಟರ್ಬೊ ಸಿ ಹೇಳುವುದು ಮೈನಸ್ 31,777! ಪೂರ್ತಿ ಒಂದು ಎಕರೆ, ಅಂದರೆ 40 ಗುಂಟೆಗೆ 43,560 ಬರಬೇಕಾದಲ್ಲಿ ಮೈನಸ್ 21,976 ಬರುತ್ತದೆ. ಟರ್ಬೊ ಸಿಯಲ್ಲಿ 'ಇಂಟ್'ಗೆ ಎರಡೇ ಬೈಟ್ ಜಾಗ, ಅದರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 32,767. ಮೀರಿದರೆ ಉತ್ತರ ಹೀಗೆ ಋಣ ಸಂಖ್ಯೆಯಾಗಿ ಹೊರಳಬಹುದು, ಯಾವ ಎಚ್ಚರಿಕೆಯೂ ಬರುವುದಿಲ್ಲ. ಇದೇ ಪ್ರೋಗ್ರಾಂ ಇಂದಿನ ಜಿಸಿಸಿ ಕಂಪೈಲರ್‌ನಲ್ಲಿ ಸರಿಯಾದ ಉತ್ತರ ಕೊಡುತ್ತದೆ, ಏಕೆಂದರೆ ಅಲ್ಲಿ 'ಇಂಟ್'ಗೆ ನಾಲ್ಕು ಬೈಟ್. ಟರ್ಬೊ ಸಿಯಲ್ಲೇ ಬರೆಯಬೇಕಾದರೆ 'ಲಾಂಗ್' ಬಳಸಬೇಕು, ಗುಣಿಸುವ 1,089ನ್ನೂ 'ಲಾಂಗ್' ಎಂದೇ ಗುರುತಿಸಬೇಕು. ಇಲ್ಲವಾದರೆ ಗುಣಾಕಾರ ಎರಡು ಬೈಟ್‌ನಲ್ಲೇ ಮುಗಿದು, ಕೆಟ್ಟ ಉತ್ತರ ದೊಡ್ಡ ಡಬ್ಬಿಗೆ ಹೋಗಿ ಕೂರುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ: ಡಾಸ್‌ಬಾಕ್ಸ್ ಹಳೆಯದನ್ನು ತೆರೆದು ನೋಡಲು ಒಳ್ಳೆಯ ಸಾಧನ, ಹೊಸದಾಗಿ ಕಲಿಯುವವರಿಗೆ ಅಲ್ಲ. ಸಿ++ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಟರ್ಬೊ ಸಿ++ 3.0 ಅದಕ್ಕೂ ಹಿಂದಿನದು. ಅದರಲ್ಲಿ ಕಲಿತವರು ಹೊಸ ಕಂಪೈಲರ್‌ಗೆ ಬಂದಾಗ 'ಐಓಸ್ಟ್ರೀಮ್.ಎಚ್' ಸಿಗುವುದಿಲ್ಲ. ಪರದೆ ಒರೆಸುವ 'ಸಿಎಲ್ಆರ್‌ಎಸ್‌ಸಿಆರ್' ಸಿ ಭಾಷೆಯ ಭಾಗವೇ ಅಲ್ಲ, ಬೋರ್ಲ್ಯಾಂಡ್ ಕೊಟ್ಟ ಸೌಕರ್ಯ ಎಂಬುದು ಆಗ ತಿಳಿಯುತ್ತದೆ. ಅಂದಹಾಗೆ, ಆ ನೀಲಿ ಪರದೆಯಲ್ಲಿ ಯೂನಿಕೋಡ್ ಕನ್ನಡವನ್ನು ಮೂಡಿಸಲೂ ಆಗದು. ಜಿಸಿಸಿ ಉಚಿತ, ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ನಡೆಯುತ್ತದೆ. ನೀಲಿ ಪರದೆಯಂಥದ್ದೇ ಅನುಕೂಲ ಬೇಕೆಂದರೆ ಕೋಡ್‌ಬ್ಲಾಕ್ಸ್ ಇದೆ. ಲ್ಯಾಬ್ ಪರೀಕ್ಷೆ ಟರ್ಬೊ ಸಿಯಲ್ಲೇ ನಡೆಯುವುದಾದರೆ ಎರಡರಲ್ಲೂ ಓಡುವಂತೆ ಬರೆಯಿರಿ: 'ವಾಯ್ಡ್ ಮೇನ್' ಬದಲು 'ಇಂಟ್ ಮೇನ್', ದೊಡ್ಡ ಸಂಖ್ಯೆಗೆ 'ಲಾಂಗ್'.

ಟರ್ಬೊ ಸಿಯಲ್ಲಿ ಮಾಡಿದ ಲೆಕ್ಕಪತ್ರದ ಪ್ರೋಗ್ರಾಂ ಇಂದಿಗೂ ಬಳಸುತ್ತಿರುವವರಿಗೆ ಇನ್ನೊಂದು ತೊಡಕಿದೆ. ಸಿ ಕಡತವನ್ನು ಹೊಸ ಕಂಪೈಲರ್‌ಗೆ ಹೊಂದಿಸಿದ ಮಾತ್ರಕ್ಕೆ ಹಳೆಯ ದತ್ತಾಂಶ ತೆರೆದುಕೊಳ್ಳುವುದಿಲ್ಲ. ಹಳೆಯ ಪ್ರೋಗ್ರಾಂ ಪ್ರತಿ ಪೂರ್ಣಾಂಕವನ್ನು ಎರಡು ಬೈಟ್‌ಗಳಲ್ಲಿ ಬರೆದಿಟ್ಟಿರುತ್ತದೆ, ಹೊಸದು ನಾಲ್ಕು ಬೈಟ್ ಓದಲು ಹೋಗುತ್ತದೆ. ಮೊದಲ ಸಾಲಿನಿಂದಲೇ ಲೆಕ್ಕ ತಪ್ಪುತ್ತದೆ. ಡಾಸ್‌ಬಾಕ್ಸ್‌ನೊಳಗೆ ಹಳೆಯ ಪ್ರೋಗ್ರಾಂನಿಂದಲೇ ಎಲ್ಲವನ್ನೂ ಸಾದಾ ಪಠ್ಯವಾಗಿ ಬರೆಯಿಸಿಕೊಂಡು, ಆ ಪಠ್ಯವನ್ನು ಹೊಸ ಪ್ರೋಗ್ರಾಂನಲ್ಲಿ ಓದುವುದು ಸುಲಭದ ದಾರಿ. ಅದಕ್ಕೂ ಮೊದಲು ಮೂಲ ಕಡತಗಳ ಒಂದು ಪ್ರತಿಯನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ತೆಗೆದಿಡಿ.