ಭಾಗ 7: ಕಟ್ಟಿಗೆ ಗೋಡೆ ಇಲ್ಲದ ಊರಾಗ ಒಂದು ಬಾಗಿಲು

ಇಂಗ್ಲಿಷ್ ಸಿನಿಮಾದಾಗ ನೋಡಿರ್ತೀರಿ. ಬಿಳಿ ಮನಿ, ಹೊರಗೋಡೆಗೆಲ್ಲ ಕಟ್ಟಿಗೆ ಹಲಗಿ, ಹೀರೋನ ಅಪ್ಪ ನಿಚ್ಚಣಿಕಿ ಹತ್ತಿ ಬಣ್ಣ ಬಳೀತಿರ್ತಾನ. ಅಂಥಾ ಮನಿ ನಮ್ಮ ಮಳಖೇಡದಾಗ ಯಾಕಿಲ್ಲ? ಉತ್ತರ ನಿಮ್ಮ ಕಾಲ ಕೆಳಗೇ ಅದ. ಶಹಾಬಾದ ಫರಸಿ! ಪದರು ಪದರಾಗಿ ಏಳೋ ಸುಣ್ಣದಕಲ್ಲು ಇಷ್ಟು ಹತ್ತಿರ ಸಿಗುವಾಗ ಗೋಡೆಗೆ ಕಟ್ಟಿಗೆ ಯಾರು ಹಾಕ್ತಾರ?

ಆದರೆ ಬಡಿಗೇರರ ಬುದ್ಧಿ ಕಲ್ಲಿನೊಳಗೂ ಉಳಿದದ. ಐಹೊಳೆಗೆ ಟ್ರಿಪ್ ಹೋದಾಗ ಲಾಡ್ ಖಾನ್ ಗುಡಿ ಮುಂದ ಸೆಲ್ಫಿ ತಗೊಂಡು ಬಂದ್ರಲ್ಲ, ಅದರ ಚಾವಣಿ ನೋಡಿದ್ರೇನು? ಇಳಿಜಾರಾಗಿ ಹಾಸಿದ ಕಲ್ಲು ಚಪ್ಪಡಿ, ಎರಡು ಚಪ್ಪಡಿ ಕೂಡೋ ಸಂದಿ ಮ್ಯಾಲ ಉದ್ದಕ್ಕ ಒಂದು ಕಲ್ಲಿನ ಪಟ್ಟಿ. ದೂರದಿಂದ ಮರದ ದಿಮ್ಮಿ ಇಟ್ಟಂಗ ಕಾಣ್ತದ. ಹಲಗಿ ಗೋಡೆಯವರು ಮಾಡೋದೂ ಇದನ್ನೇ: ಸಂದಿಗೆ ಪಟ್ಟಿ ಹೊಡಿ, ನೀರು ಒಳಗ ಇಳಿಯಂಗಿಲ್ಲ. ಎಲ್ಲೋರಾದ 10ನೇ ಗುಹೆಯೊಳಗ ಕಲ್ಲು ಚಾವಣಿಗೆ ಮರದ ತೊಲೆಗಳನ್ನೇ ಕೆತ್ತ್ಯಾರ. ಭಾರ ಹೊರೋದಿಲ್ಲ, ಬರೀ ಅಭ್ಯಾಸಬಲ! ಅಲ್ಲಿನ ಜನ ಅದಕ್ಕ ‘ಸುತಾರ್ ಕಾ ಝೋಪ್ಡಾ’, ಅಂದ್ರ ಬಡಿಗೇರನ ಗುಡಿಸಲು ಅಂತಾರ. ರಾಷ್ಟ್ರಕೂಟರ ಒಂದನೇ ಕೃಷ್ಣ ಕೈಲಾಸ ಕೊರೆಸಿದ್ದು ಇದೇ ಎಲ್ಲೋರಾದಾಗ.

ಅದೇ ವಂಶದ ಅಮೋಘವರ್ಷನ ರಾಜಧಾನಿ ನಮ್ಮೂರು. 972ರಲ್ಲಿ ಪರಮಾರ ಸೀಯಕ ಬಂದು ಲೂಟಿ ಮಾಡಿದ. ಕಾಗಿಣಾ ದಂಡಿ ಮ್ಯಾಲ ನಿಂತು ನೋಡಿದ್ರ ಕೋಟೆ ಕಲ್ಲು ಸಿಗ್ತದ, ಆ ಕಾಲದ ಒಂದು ಬಾಗಿಲೂ ಸಿಗೋದಿಲ್ಲ.

ಇನ್ನ ನಮ್ಮನಿ ಕಥಿ. ನಮ್ಮಜ್ಜಿ ಮನಿ ಸಾಗವಾನಿ ಬಾಗಿಲು (ಫೋಟೋ 4) ತೆಗೆದು ಕಬ್ಬಿಣದ್ದು ಕೂಡಸೋಣ ಅಂತ ಅಪ್ಪ ಹೊಂಟಾರ. ತಪ್ಪು ಬಾಗಿಲದ್ದಲ್ರಿ. ಹೋದ ಶ್ರಾವಣದಾಗ ಒಬ್ಬರು ಹಸಿ ಕಟ್ಟಿಗಿ ಮ್ಯಾಲೇ ಆಯಿಲ್ ಪೇಂಟ್ ಹೊಡೆದು ಹೋದ್ರು. ಒಳಗಿನ ತೇವ ಹೊರಗ ಬರಾಕ ದಾರಿ ಇಲ್ಲ. ಬ್ಯಾಸಗಿ ಬಿಸಿಲಿಗೆ ಬಣ್ಣ ಗುಳ್ಳಿ ಎದ್ದು ಸುಲೀತು. ಕೆಳಗಿನ ತುದಿ ಕೊಳೀತು. ಕಟ್ಟಿಗಿ ಅಗಲಕ್ಕಿಂತ ಕೊಯ್ದ ತುದಿಯಿಂದನೇ ಜಾಸ್ತಿ ನೀರು ಕುಡೀತದ, ಅದಕ್ಕ ಬಾಗಿಲು ಯಾವಾಗಲೂ ಹೊಸ್ತಿಲ ಕಡಿಂದ ಕೆಡ್ತದ.

ಬಡಿಗೇರ ಕಾಕಾ ಬಂದು ಉಳಿ ಚುಚ್ಚಿ ನೋಡಿದ್ರು. ಒಂದು ಗೇಣು ಅಷ್ಟೇ ಮೆತ್ತಗಾಗೇದ, ಮ್ಯಾಲೆಲ್ಲ ಗಟ್ಟಿ. ಕೆಟ್ಟಷ್ಟು ಕೊಯ್ದು, ಓರೆಯಾಗಿ ಹೊಸ ತುಂಡು ಬೆಸೀಬೇಕು. ಪೂರ್ತಿ ಒಣಗಿದ ಮ್ಯಾಲ ಅಗಸಿ ಎಣ್ಣಿ, ಬಟ್ಟಿಲೆ ತೆಳ್ಳಗೆ. (ನಮ್ಮ ಕಡೆ ಊರಬಾಗಿಲೂ ಅಗಸಿನೇ, ಎಣ್ಣಿ ಬೀಜಾನೂ ಅಗಸಿನೇ!) ಈ ಎಣ್ಣಿ ಗಾಳಿಗೆ ಗಟ್ಟಿ ಆಗ್ತದ, ಶೇಂಗಾ ಎಣ್ಣಿ ಜಿಗಟಾಗೇ ಉಳೀತದ. ಒಂದು ಎಚ್ಚರ: ಎಣ್ಣಿ ಬಟ್ಟಿ ಮುದ್ದಿ ಮಾಡಿ ಒಗೀಬ್ಯಾಡ್ರಿ, ತಾನಾಗೇ ಬೆಂಕಿ ಹತ್ತಬಹುದು. ಹರವಿ ಒಣಗಸ್ರಿ.

ಅಪ್ಪ ದೀಪಾವಳಿ ತನಕ ಟೈಮ್ ಕೊಟ್ಟಾರ. ಈ ರವಿವಾರ ಕೊಯ್ಯೋದು. ನಿಮ್ಮನಿ ಹಳೇ ಬಾಗಿಲ ಕೆಳಗಿನ ತುದಿ ಫೋಟೋ ತೆಗೆದು ಕಳಸ್ರಿ, ಕಾಕಾಗ ತೋರಸ್ತೀನಿ.

#ಮಳಖೇಡ #ಸೇಡಂ #ನಮ್ಮೂರಇತಿಹಾಸ