ಬ್ರಿಟನ್: ಮೂರು ಮನೆಗಳ ಕ್ರಿಸ್‌ಮಸ್ ಲೆಕ್ಕ ತಪ್ಪಿದ್ದು ಹೇಗೆ?

ಕೊರೊನಾ ಕಾಲದ ಮೊದಲ ಕ್ರಿಸ್‌ಮಸ್‌ಗೆ ಬ್ರಿಟನ್‌ನ ಕುಟುಂಬಗಳು ಒಂದುಗೂಡಲು ಕಾನೂನಿನ ಅನುಮತಿ ಬೇಕಿತ್ತು. 2020ರ ನವೆಂಬರ್ 24ರಂದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಹಾಗೂ ಉತ್ತರ ಐರ್ಲೆಂಡ್ ಆಡಳಿತಗಳು ‘ಕ್ರಿಸ್‌ಮಸ್ ಬಬಲ್’ ವ್ಯವಸ್ಥೆಗೆ ಸಮ್ಮತಿಸಿದವು. ಡಿಸೆಂಬರ್ 23ರಿಂದ 27ರವರೆಗೆ ಮೂರು ಮನೆಗಳವರು ಒಂದೇ ಸೂರಿನಡಿ ಸೇರಬಹುದಿತ್ತು. ಇಂಗ್ಲೆಂಡ್‌ನಲ್ಲಿ ಎಣಿಸುತ್ತಿದ್ದುದು ತಲೆಗಳನ್ನಲ್ಲ, ಮನೆಗಳನ್ನು. ಮೂವರು ಮಕ್ಕಳು ಬೇರೆ ಬೇರೆ ಸಂಸಾರ ಹೂಡಿದ್ದರೆ ಹೆತ್ತವರ ಮನೆಗೆ ಇಬ್ಬರ ಸಂಸಾರಕ್ಕಷ್ಟೇ ಪ್ರವೇಶ. ಯಾರನ್ನು ಬಿಡುವುದು ಎಂಬ ಇಕ್ಕಟ್ಟಿಗೆ ಸರ್ಕಾರದ ಬಳಿ ಉತ್ತರವಿರಲಿಲ್ಲ. ಒಮ್ಮೆ ಕಟ್ಟಿಕೊಂಡ ಗುಂಪನ್ನು ಬದಲಿಸುವಂತೆಯೂ ಇರಲಿಲ್ಲ.

ಆ ಅವಕಾಶವೂ ಉಳಿಯಲಿಲ್ಲ. ಮುಂದೆ ‘ಆಲ್ಫಾ’ ಎಂದು ಹೆಸರಾದ, ವೇಗವಾಗಿ ಹರಡುವ ರೂಪಾಂತರಿ ವೈರಾಣುವಿನ ಕಾರಣ ನೀಡಿ ಪ್ರಧಾನಿ ಬೋರಿಸ್ ಜಾನ್ಸನ್ ಡಿಸೆಂಬರ್ 19ರಂದು ನಿಯಮ ಬಿಗಿಗೊಳಿಸಿದರು. ಲಂಡನ್ ಹಾಗೂ ಆಗ್ನೇಯ ಇಂಗ್ಲೆಂಡ್‌ನ ಬಹುಭಾಗ ಮರುದಿನವೇ ನಾಲ್ಕನೇ ಶ್ರೇಣಿಗೆ ಸೇರಿತು. ಅಲ್ಲಿ ಬೇರೆ ಮನೆಯವರನ್ನು ಒಳಗೆ ಕರೆಯುವಂತಿರಲಿಲ್ಲ. ಇಂಗ್ಲೆಂಡ್‌ನ ಉಳಿದೆಡೆ ಐದು ದಿನಗಳ ಬದಲು 25ರ ಒಂದೇ ದಿನ. ಒಂಟಿಯಾಗಿ ವಾಸಿಸುವವರು ಮಾತ್ರ ಮೊದಲೇ ‘ಸಪೋರ್ಟ್ ಬಬಲ್’ ಮಾಡಿಕೊಂಡಿದ್ದ ಇನ್ನೊಂದು ಮನೆಗೆ ಹೋಗಬಹುದಿತ್ತು. ಒಂಟಿ ವೃದ್ಧರ ಪಾಲಿಗೆ ಇದು ಸಣ್ಣ ವಿನಾಯಿತಿಯೇನಲ್ಲ.

ಅಲ್ಲಿದ್ದ ಕನ್ನಡಿಗರಿಗೆ ತವರಿನ ದಾರಿಯೂ ಮುಚ್ಚಿತು. ಡಿಸೆಂಬರ್ 22ರ ಮಧ್ಯರಾತ್ರಿಯಿಂದ ಭಾರತವು ಬ್ರಿಟನ್ ವಿಮಾನಗಳನ್ನು ತಡೆಹಿಡಿಯಿತು. ಅಲ್ಲಿಂದ ಬರುವ ವಿಮಾನಗಳು ಸೀಮಿತ ಸಂಖ್ಯೆಯಲ್ಲಿ ಮತ್ತೆ ಆರಂಭವಾದದ್ದು 2021ರ ಜನವರಿ 8ರಂದು.