ಕೊಡೆಗೆ ಹೆಸರಿತ್ತು

ಪತ್ರಿಕೆ ಎಂದರೆ ನಮ್ಮ ಪೀಳಿಗೆಯ ಹೆಂಗಸರಿಗೆ ಒಂದು ಲೆಕ್ಕವಿತ್ತು. ಒಬ್ಬರು ಕೊಂಡರೆ ಐದು ಮನೆಯವರು ಓದಬೇಕು. ‘ಸುಧಾ’ 1965ರಲ್ಲಿ, ‘ಮಯೂರ’ 1968ರಲ್ಲಿ, ‘ತರಂಗ’ 1983ರಲ್ಲಿ ಶುರುವಾದವು. ಇವು ಮನೆಯಿಂದ ಮನೆಗೆ ಹೋಗಿ, ಧಾರಾವಾಹಿಯ ಹಾಳೆ ಒಬ್ಬರ ಪಾಲಾಗಿ, ಕಸೂತಿಯ ನಕ್ಷೆ ಇನ್ನೊಬ್ಬರ ಪಾಲಾಗಿ, ಕೊನೆಗೆ ಉಳಿದದ್ದು ಅಡುಗೆಮನೆಯ ಗೂಡಿಗೆ ಹಾಸುವ ಕಾಗದವಾಗುತ್ತಿತ್ತು. ಎಷ್ಟು ಹೆಚ್ಚು ಕೈ ತಾಗಿದರೆ ಅಷ್ಟು ಸಾರ್ಥಕ ಎನ್ನುವುದು ಆ ಪತ್ರಿಕೆಗಳ ಬಾಳು.

ಇದಕ್ಕೆ ತಿರುವುಮುರುವಾದ ಲೆಕ್ಕವೂ ಒಂದಿದೆ. ಅದನ್ನು ತಿಳಿಯಬೇಕಾದರೆ ನ್ಯೂಯಾರ್ಕಿಗೆ ಹೋಗಬೇಕು. ಅಲ್ಲಿ 1892ರಲ್ಲಿ ಆರ್ಥರ್ ಟರ್ನ್ಯೂರ್ ಎಂಬಾತ ‘ವೋಗ್’ ಎಂಬ ಪತ್ರಿಕೆ ಹೊರಡಿಸಿದ. ಊರಿನ ಸಿರಿವಂತರ ಉಡುಗೆ, ಔತಣ, ಓಡಾಟ ಇವೇ ಅದರ ಸುದ್ದಿ. 1909ರಲ್ಲಿ ಅದನ್ನು ಕೊಂಡವನು ಕಾಂಡೇ ನಾಸ್ಟ್. ಓದುಗರು ಕಡಿಮೆಯಿದ್ದರೂ ಚಿಂತೆಯಿಲ್ಲ, ಅವರ ಕೈಯಲ್ಲಿ ದುಡ್ಡಿರಬೇಕು, ಆಗ ದುಬಾರಿ ಸಾಮಾನಿನ ಅಂಗಡಿಯವರು ತಾವಾಗಿಯೇ ಜಾಹೀರಾತು ತರುತ್ತಾರೆ ಎನ್ನುವುದು ಅವನ ವ್ಯಾಪಾರದ ಗುಟ್ಟು. ಓದುಗರಿಗೆ ಪತ್ರಿಕೆ ಮಾರುವುದಕ್ಕಿಂತ ಜಾಹೀರಾತುದಾರರಿಗೆ ಓದುಗರನ್ನು ಮಾರುವುದರಲ್ಲಿ ಲಾಭ ಹೆಚ್ಚು! 1916ರಲ್ಲಿ ಇಂಗ್ಲೆಂಡಿನ ಆವೃತ್ತಿ ಬಂತು, 1920ರಲ್ಲಿ ಫ್ರಾನ್ಸಿನದು.

ನಮ್ಮ ದೇಶಕ್ಕೆ ಬರಲು ಇನ್ನೂ ಎಂಬತ್ತೇಳು ವರ್ಷ ಹಿಡಿಯಿತು. ಕಾರಣವಿಲ್ಲದೆ ಅಲ್ಲ. ವಿದೇಶಿ ಪತ್ರಿಕೆಗಳು ಇಲ್ಲಿ ತಳವೂರಬಾರದೆಂದು 1955ರಲ್ಲಿ ಕೇಂದ್ರ ಸಚಿವ ಸಂಪುಟ ತೀರ್ಮಾನ ಮಾಡಿತ್ತು. ಆ ಬಾಗಿಲು 2002ರಲ್ಲಿ ಸ್ವಲ್ಪ ತೆರೆಯಿತು. ಮುಂದೆ ಸುದ್ದಿಯಲ್ಲದ ಪತ್ರಿಕೆಗಳಿಗೆ ಪೂರ್ತಿ ವಿದೇಶಿ ಬಂಡವಾಳಕ್ಕೂ ಒಪ್ಪಿಗೆ ಸಿಕ್ಕಿತು. ‘ವೋಗ್ ಇಂಡಿಯಾ’ ತನ್ನ ಮೊದಲ ಸಂಚಿಕೆಯನ್ನು 2007ರ ಅಕ್ಟೋಬರ್ ತಿಂಗಳಿಗೆಂದು ಹೊರತಂದಿತು. ಬೆಲೆ 100 ರೂಪಾಯಿ. ಆ ವರ್ಷ ನಮ್ಮ ಕಡೆ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣಾಳಿಗೆ ದಿನವೆಲ್ಲ ಬಗ್ಗಿದರೂ ಅಷ್ಟು ಕೂಲಿ ಸಿಗುತ್ತಿರಲಿಲ್ಲ.

ಮೊದಲ ತಕರಾರು ಮುಖಪುಟದ ಮೇಲೆಯೇ ಎದ್ದಿತು. ಬಿಪಾಶಾ ಬಸು, ಪ್ರಿಯಾಂಕಾ ಚೋಪ್ರಾ ಇಬ್ಬರ ನಡುವೆ ಆಸ್ಟ್ರೇಲಿಯಾದ ಹೊಂಗೂದಲಿನ ರೂಪದರ್ಶಿ ಜೆಮ್ಮಾ ವಾರ್ಡ್ ನಿಂತಿದ್ದಳು. ಭಾರತದ ಹೆಣ್ಣಿನ ಚೆಲುವಿಗೆಂದೇ ಬಂದ ಪತ್ರಿಕೆಯಲ್ಲಿ ನಟ್ಟನಡುವಿನ ಜಾಗ ಬಿಳಿಯಳಿಗೇಕೆ ಎಂದು ಹಲವರು ಕೇಳಿದರು. ಹೆಣ್ಣು ನೋಡಲು ಬಂದವರು ಮಗಳ ಬಣ್ಣವನ್ನು ಕಿಟಕಿಯ ಬೆಳಕಿಗೆ ಹಿಡಿದು ಅಳೆಯುವುದನ್ನು ಕಂಡ ನಮಗೆ ಈ ಪ್ರಶ್ನೆ ಹೊಸದೇನಲ್ಲ. ವರಾನ್ವೇಷಣೆಯ ಜಾಹೀರಾತಿನಲ್ಲಿ ‘ಬೆಳ್ಳಗಿನ ಕನ್ಯೆ’ ಎಂದು ಅಚ್ಚು ಹಾಕಿಸಿದವರು ನಾವೇ ತಾನೆ? ಹಾಗಾಗಿ ಆ ತಪ್ಪನ್ನೆಲ್ಲ ಹೊರಗಿನವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ಬಾರದು.

ನಿಜವಾದ ಗಲಾಟೆಯಾದದ್ದು ಮರುವರ್ಷ, 2008ರ ಆಗಸ್ಟ್ ಸಂಚಿಕೆಗೆ. ಅದರ 16 ಪುಟಗಳಲ್ಲಿ ಬಡ ಜನರ ಕೈಗೆ ದುಬಾರಿ ಸಾಮಾನು ಕೊಟ್ಟು ತೆಗೆದ ಚಿತ್ರಗಳಿದ್ದವು. ಮೇಲಿನ ಹಲ್ಲು ಉದುರಿದ ಅಜ್ಜಿಯ ಕಂಕುಳಲ್ಲೊಂದು ಮಗು; ಅದರ ಎದೆಗೆ ಕಟ್ಟಿದ ಜೊಲ್ಲಿನ ಬಟ್ಟೆ ಫೆಂಡಿ ಕಂಪನಿಯದು, ಬೆಲೆ ಸುಮಾರು 100 ಡಾಲರ್. ಬರಿಗಾಲಿನ ಒಬ್ಬಾತನ ಕೈಯಲ್ಲಿ ಬರ್ಬೆರಿ ಕೊಡೆ, ಸುಮಾರು 200 ಡಾಲರ್. ಮೋಟಾರ್‌ಬೈಕಿನ ಮೇಲೆ ಗಂಡ, ಹೆಂಡತಿ, ಮಗು. ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕುಳಿತ ಆಕೆಯ ಕೈಯಲ್ಲಿ ಎರ್ಮೆಸ್ ಕಂಪನಿಯ ಬರ್ಕಿನ್ ಚೀಲ, ಅದರ ಬೆಲೆ 10,000 ಡಾಲರಿಗೂ ಮಿಕ್ಕಿದ್ದು. ಆಗಿನ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿಗಿಂತ ಹೆಚ್ಚು. ಅದೇ ಆಗಸ್ಟಿನಲ್ಲಿ ವಿಶ್ವಬ್ಯಾಂಕ್ ಒಂದು ಅಂದಾಜು ಕೊಟ್ಟಿತ್ತು. 2005ರ ಲೆಕ್ಕದಂತೆ, ದಿನಕ್ಕೆ 1.25 ಡಾಲರಿಗಿಂತ ಕಡಿಮೆಯಲ್ಲಿ ಬದುಕುವವರು ಭಾರತದಲ್ಲಿ 45 ಕೋಟಿಗೂ ಹೆಚ್ಚು.

ದೆಹಲಿಯ ಅಂಕಣಕಾರ್ತಿ ಕನಿಕಾ ಗಹ್ಲೌತ್ ಇದು ಅಸಹ್ಯವೆಂದು ಖಾರವಾಗಿ ಬರೆದರು. ರೈತರು ಆತ್ಮಹತ್ಯೆ ಮಾಡಿಕೊಳ್ಳುತ್ತಿರುವ ದೇಶದಲ್ಲಿ ಇದೆಂಥ ವಿನೋದ ಎನ್ನುವುದು ಅವರ ಸಿಟ್ಟು. ‘ನ್ಯೂಯಾರ್ಕ್ ಟೈಮ್ಸ್’ ಕೂಡ ಈ ಜಗಳವನ್ನು ವರದಿ ಮಾಡಿತು. ಸಂಪಾದಕಿ ಪ್ರಿಯಾ ತನ್ನಾ ಅವರ ಉತ್ತರ ಬೇರೆಯೇ ಧಾಟಿಯದು. ಫ್ಯಾಷನ್ ಈಗ ಸಿರಿವಂತರ ಸ್ವತ್ತಾಗಿ ಉಳಿದಿಲ್ಲ, ಯಾರು ತೊಟ್ಟರೂ ಒಪ್ಪುತ್ತದೆ, ಇದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಡಿ, ನಾವೇನೂ ರಾಜಕೀಯ ಹೇಳಿಕೆ ಕೊಡಲು ಹೊರಟಿರಲಿಲ್ಲ ಎಂದರು.

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿಯೂ ಈ ಮಾತು ಬಂದಿತ್ತು. ಹೊಸದಾಗಿ ಸೇರಿದ್ದ ಕಿರಿಯ ಮೇಡಂ ಒಬ್ಬರು, “ಅಲ್ಲ ಮೇಡಂ, ಬಡವರ ಫೋಟೋ ಅಂದ್ರೆ ಅಳ್ತಾನೇ ಇರಬೇಕಾ? ಆ ಅಜ್ಜಿ ನಗ್ತಾ ಒಂದು ಒಳ್ಳೇ ವಸ್ತು ಹಿಡಿದ್ರೆ ನಮಗ್ಯಾಕೆ ಹೊಟ್ಟೆಯುರಿ?” ಎಂದರು. ತಳ್ಳಿಹಾಕುವ ಮಾತಲ್ಲ ಇದು. ಚೆನ್ನಾಗಿ ಉಟ್ಟುಕೊಳ್ಳುವ ಆಸೆ ಯಾರ ಮನೆಯ ಸೊತ್ತೂ ಅಲ್ಲ. ಜಾತ್ರೆಗೆಂದು ವರ್ಷವಿಡೀ ದುಡ್ಡು ಕೂಡಿಟ್ಟು ಇಳಕಲ್ ಸೀರೆ ಕೊಂಡ ಕೂಲಿಯವಳ ಮುಖದ ಕಳೆಯನ್ನು ನಾನೂ ನೋಡಿದ್ದೇನೆ. ಅವಳಿಗೆ ಅಂದ ಚೆಂದ ಬೇಡ, ಅನ್ನವೊಂದೇ ಸಾಕು ಎನ್ನುವುದೂ ಒಂದು ಬಗೆಯ ಅಹಂಕಾರವೇ.

ಆದರೆ ಆ ಸೀರೆ ಅವಳದು. ಬಿಚ್ಚಿ ಮಡಿಸಿ ಅವಳ ಪೆಟ್ಟಿಗೆಯಲ್ಲೇ ಇಡುತ್ತಾಳೆ. ಚಿತ್ರದ ಕೊಡೆ ಹಾಗಲ್ಲ, ಅದು ಹಿಡಿದವನಿಗೆಂದು ತಂದದ್ದೇ ಅಲ್ಲ. ಗಹ್ಲೌತ್ ಅವರೇ ಎತ್ತಿ ತೋರಿಸಿದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಚುಚ್ಚಿತು. ಆ ಪುಟಗಳಲ್ಲಿ ಕೊಡೆಗೆ ಹೆಸರಿತ್ತು, ಚೀಲಕ್ಕೆ ಹೆಸರಿತ್ತು, ಜೊಲ್ಲಿನ ಬಟ್ಟೆಗೂ ಹೆಸರಿತ್ತು. ಅವುಗಳನ್ನು ಹಿಡಿದ ಮನುಷ್ಯರಿಗೆ ಮಾತ್ರ ಹೆಸರಿರಲಿಲ್ಲ. ಹಿಂದಿನ ವರ್ಷ ಮುಖಪುಟದಲ್ಲಿ ನಿಂತವರ ಹೆಸರು ದೇಶಕ್ಕೆಲ್ಲ ಗೊತ್ತು. ಅಜ್ಜಿ ಮಾತ್ರ ಗೋಡೆಗೆ ಹೊಡೆದ ಮೊಳೆ, ಸಾಮಾನು ತೂಗುಹಾಕಲು!

ಫ್ಯಾಷನ್ ಪತ್ರಿಕೆಗೆ ಗಂಭೀರವಾಗಿರಲು ಬರುವುದೇ ಇಲ್ಲ ಎನ್ನೋಣವೆಂದರೆ ಅದರದೇ ಇತಿಹಾಸ ಅಡ್ಡ ಬರುತ್ತದೆ. ಲೀ ಮಿಲ್ಲರ್ ಎಂಬಾಕೆ ಮೊದಲು ಅದೇ ‘ವೋಗ್’ಗೆ ರೂಪದರ್ಶಿಯಾಗಿದ್ದಳು. ಆಮೇಲೆ ಕ್ಯಾಮೆರಾ ಹಿಡಿದು ಯುದ್ಧಭೂಮಿಗೆ ನಡೆದಳು. 1945ರಲ್ಲಿ ಬುಕೆನ್‌ವಾಲ್ಡ್, ಡಕಾವ್ ಎಂಬ ನಾಜಿ ಸೆರೆಶಿಬಿರಗಳ ಭೀಕರ ಚಿತ್ರಗಳನ್ನು ತೆಗೆದು ಕಳುಹಿಸಿದಳು. ಅಮೆರಿಕದ ‘ವೋಗ್’ ಆ ವರ್ಷದ ಜೂನ್ ಸಂಚಿಕೆಯಲ್ಲಿ ಶಿಬಿರಗಳ ಚಿತ್ರಗಳನ್ನು ಅಚ್ಚು ಹಾಕಿತು. ಟೋಪಿ, ಗೌನುಗಳ ಪುಟಗಳ ನಡುವೆಯೇ ಅವು ಬಂದವು. ಅಂದಮೇಲೆ ನೋಡುವ ಕಣ್ಣು ಆ ಪತ್ರಿಕೆಗಿಲ್ಲ ಎನ್ನುವಂತಿಲ್ಲ. ಬೇಕಾದಾಗ ತೆರೆಯಬಲ್ಲ ಕಣ್ಣು ಅದು.

ತರಗತಿಯಲ್ಲಿ ಎಷ್ಟೇ ಹಿಂದಿನ ಬೆಂಚಿನ ಹುಡುಗಿಯಾದರೂ ಹಾಜರಿ ಕೂಗುವಾಗ ಹೆಸರು ತಪ್ಪಿದರೆ ಮುಖ ಸಣ್ಣ ಮಾಡಿಕೊಳ್ಳುತ್ತಾಳೆ. ಹರಿದ ಲಂಗದ ಬಗ್ಗೆ ಅವಳಿಗೆ ಅಷ್ಟು ಬೇಸರವಿರುವುದಿಲ್ಲ. ಇಷ್ಟು ವರ್ಷ ಪಾಠ ಹೇಳಿ ನಾನು ಕಂಡುಕೊಂಡದ್ದು ಇದು. ಬೆಲೆಬಾಳುವ ಪತ್ರಿಕೆಗಳು ಇನ್ನೂ ಬರಲಿ, ಹೆಣ್ಣುಮಕ್ಕಳು ಕಣ್ತುಂಬ ನೋಡಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಚಿತ್ರ ತೆಗೆಯುವ ಮೊದಲು, “ಅಜ್ಜೀ, ನಿಮ್ಮ ಹೆಸರೇನು?” ಎಂದು ಕೇಳುವುದಕ್ಕೆ ಒಂದು ಡಾಲರೂ ಖರ್ಚಾಗುವುದಿಲ್ಲ.